ವೆಂಕಟಲಕ್ಷ್ಮಿಯ ಹಕ್ಕಿ ಮಡಿ

ಮದರಾಸಿನ ಮೈಲಾಪೂರಿನ ಆ ಹಳೆಯ ಮನೆಯಲ್ಲಿ ಮಡಿಯುಟ್ಟು ಹಿತ್ತಿಲ ಬಾವಿಯಿಂದ ಅಡುಗೆಮನೆಗೆ ಬಂದು ಸೇರುವುದೆಂದರೆ ಸರ್ಕಸ್ಸೇ ಸರಿ. ಮನೆಯೇನೋ ರೈಲು ಡಬ್ಬಿಯಂತೆ ಉದ್ದ, ಅಗಲದ ಮಾತು ಮಾತ್ರ ಕೇಳಬೇಡಿ. ನಡುಮನೆಯಲ್ಲಿ ಪೇಪರ್ ಹರಡಿಕೊಂಡ ಮಾವ, ಎದ್ದೂ ಏಳದ ಮೈದುನಂದಿರು, ಸುತ್ತಿಡದ ಹಾಸಿಗೆಗಳು, ಹಗ್ಗದ ಮೇಲೆ ಬಟ್ಟೆ, ಶಾಲೆಗೆ ಹೊರಟ ಮಕ್ಕಳ ದಂಡು. ಇವರಲ್ಲಿ ಯಾರ ಉಗುರೂ ಸೋಕದ ಹಾಗೆ, ಒದ್ದೆ ಕಚ್ಚೆ ಸೀರೆಯಲ್ಲಿ, ತುಂಬಿದ ಕೊಡ ಹಿಡಿದು ವೆಂಕಟಲಕ್ಷ್ಮಿ ಅಡ್ಡಡ್ಡವಾಗಿ ನುಸುಳಿ ಬರಬೇಕು. ಏನಾದರೂ ತಾಕಿತೋ, ಮತ್ತೆ ಬಾವಿ, ಮತ್ತೆ ತಣ್ಣೀರು. ದೇವರಿಗೆ ನೈವೇದ್ಯ ಆಗುವ ತನಕ ಬಾಯಿಗೂ ಬೀಗ. ಒಲೆಯ ಮುಂದೆ ಕೂತ ಅತ್ತೆ ತುಂಗಾಬಾಯಿಯವರಿಗೆ ಕಣ್ಣು ಮಂದ, ಕಿವಿ ಮಾತ್ರ ಹಾವಿನ ಕಿವಿ.

"ಬಾಗಿಲ ಪರದೆ ತಾಕ್ತು. ಹೋಗು, ಇನ್ನೊಂದು ಸ್ನಾನ ಮಾಡ್ಕೊಂಡು ಬಾ" ಎಂದು ಅವರು ತಿರುಗಿಯೂ ನೋಡದೆ ಹೇಳುತ್ತಿದ್ದರು.

ತಾಕಿದ್ದು ನಿಜವೇ ಆಗಿರುತ್ತಿತ್ತು, ಅದೇ ಹೊಟ್ಟೆಯುರಿ. ಮದುವೆಯಾಗಿ ಬಂದ ಹೊಸದರಲ್ಲಿ ವೆಂಕಟಲಕ್ಷ್ಮಿ ಒಂದು ಬೆಳಗಿನಲ್ಲಿ ನಾಲ್ಕಾರು ಸಲ ಮಿಂದದ್ದೂ ಉಂಟು. ಬರುಬರುತ್ತಾ ಮೈಗೇ ಪಾಠವಾಯಿತು. ಯಾವ ಬಟ್ಟೆ ಗಾಳಿಗೆ ಎತ್ತ ಹಾರುತ್ತದೆ, ಯಾವ ಮಗು ಯಾವಾಗ ಕಾಲು ಚಾಚುತ್ತದೆ ಎಂಬುದೆಲ್ಲ ನೋಡುವ ಮೊದಲೇ ತಿಳಿಯತೊಡಗಿತು. ಹೆಜ್ಜೆ ಇಟ್ಟರೆ ನೆಲಕ್ಕೂ ಗೊತ್ತಾಗದು. ಹಾಗೆಂದು ಅದರಲ್ಲಿ ಆಕೆಗೆ ಹೆಮ್ಮೆಯೇನೂ ಇರಲಿಲ್ಲ. ಮಗಳು ಅಕ್ಷಯಾ ಚಿಕ್ಕವಳಿದ್ದಾಗ ಒಮ್ಮೆ ಜ್ವರದಲ್ಲಿ ಬೇಯುತ್ತಾ ನಡುಮನೆಯಲ್ಲಿ ಮಲಗಿ "ಅಮ್ಮಾ, ಎತ್ಕೋ" ಎಂದು ಕೈ ಚಾಚಿದ್ದಳು. ಈಕೆ ಕೊಡ ಹಿಡಿದು, ಆ ಪುಟ್ಟ ಕೈಯನ್ನೂ ತಪ್ಪಿಸಿ, ಒಳಗೆ ನಡೆದಿದ್ದಳು. ಅಡುಗೆ ಮುಗಿದು ಎತ್ತಿಕೊಳ್ಳುವ ಹೊತ್ತಿಗೆ ಕೂಸು ಅತ್ತು ಅತ್ತು ನಿದ್ದೆ ಹೋಗಿತ್ತು. ಆ ದಿನದ ಸಂಕಟ ವೆಂಕಟಲಕ್ಷ್ಮಿಯ ಎದೆಯಿಂದ ಇಳಿದದ್ದೇ ಇಲ್ಲ. 'ಹಾಳು ಮಡಿ, ನನ್ನ ಅರ್ಧ ಆಯುಸ್ಸು ತಿಂತು' ಎಂದು ಬೇಕಾದಷ್ಟು ಸಲ ಮನಸ್ಸಿನಲ್ಲೇ ಶಪಿಸಿದ್ದಾಳೆ.

ತೊಂಬತ್ತೆಂಟನೆಯ ಇಸವಿಯಲ್ಲಿ ತುಂಗಾಬಾಯಿ ತೀರಿಕೊಂಡರು. ಅಣ್ಣತಮ್ಮಂದಿರು ಬೇರೆಬೇರೆಯಾದರು. ಗಂಡ ಬದರಿನಾಥ ರೈಲ್ವೆಯಿಂದ ನಿವೃತ್ತನಾಗಿ ತಾಂಬರಂ ಆಚೆ ಒಂದು ಹೊಸ ಬಡಾವಣೆಯಲ್ಲಿ ಸಣ್ಣ ಮನೆ ಕಟ್ಟಿಸಿದ. ಗೃಹಪ್ರವೇಶದ ಮಾರನೆಯ ಬೆಳಗ್ಗೆ ವೆಂಕಟಲಕ್ಷ್ಮಿ ಸ್ನಾನಕ್ಕೂ ಮುಂಚೆ ಕಾಫಿ ಕುಡಿದು, "ಇನ್ನು ನನ್ನ ಕೈಲಿ ಆಗಲ್ಲ, ನೀವು ಬೇಕಾದ್ರೆ ಮಡೀಲಿ ಪೂಜೆ ಮಾಡ್ಕೊಳ್ಳಿ" ಎಂದುಬಿಟ್ಟಳು. ಬದರಿನಾಥ ಜಗಳವಾಡುವ ಜಾತಿಯಲ್ಲ. ಹೂಂ ಎಂದು ತನ್ನ ಪಂಚೆ ತಾನೇ ಒಣಗಿಸಿಕೊಂಡ. ಮಡಿಬಟ್ಟೆಯನ್ನು ಎತ್ತರದ ಗಳುವಿನಿಂದ ತೆಗೆಯುವ ಬಿದಿರಿನ ಕೋಲೊಂದು ಮಾತ್ರ ಮೈಲಾಪೂರಿನಿಂದ ಸಾಮಾನಿನ ಜೊತೆ ಬಂದು ಹಿತ್ತಿಲ ಮೂಲೆ ಸೇರಿತು.

ಹಿತ್ತಿಲ ಗೋಡೆಯ ಆಚೆಗೆ ಅಲ್ಲಿಕುಳಂ. ಹೆಸರಿಗೆ ನೈದಿಲೆಯ ಕೊಳ, ಅರ್ಧ ನೀರು, ಅರ್ಧ ಜೌಗು. ಮೂರು ಕಡೆ ಹೊಂಗೆ, ತಾಳೆ, ಕುರುಚಲು ಮುಳ್ಳಿನ ಕಾಡು. ನಾಲ್ಕನೆಯ ಕಡೆ ಆಳೆತ್ತರದ ಜೊಂಡು. ಊರು ಬೆಳೆಯುತ್ತಾ ಬಂದು ಹೇಗೋ ಇದೊಂದನ್ನು ನುಂಗುವುದು ಮರೆತಿತ್ತು.

ಮೊದಮೊದಲು ಆಕೆ ಅತ್ತ ನೋಡುತ್ತಿದ್ದದ್ದು ಹೊತ್ತು ಹೋಗದೆ. ಆಮೇಲೆ ಅದೇ ಹುಚ್ಚಾಯಿತು. ಬಾಲ ಕುಣಿಸುತ್ತಾ ಬದುವಿನ ಮೇಲೆ ಓಡಾಡುವ ಹುಂಡುಕೋಳಿ, ತಾಳೆಗರಿಯಿಂದ ನೆಟ್ಟಗೆ ನೀರಿಗೆ ಬೀಳುವ ಮಿಂಚುಳ್ಳಿ, ನೈದಿಲೆ ಎಲೆಯ ಮೇಲೆ ಉದ್ದನೆ ಬೆರಳೂರಿ ನಡೆಯುವ ದೇವನಕ್ಕಿ. ಕರ್ರಗಿನ ಮೈಗೆ ಹಣೆಯ ಮೇಲೊಂದು ಬಿಳಿ ಪಟ್ಟೆಯ ನಾಮದ ಕೋಳಿಯನ್ನು ಕಂಡ ದಿನವಂತೂ ಗಂಡನನ್ನು ಪೂಜೆಯಿಂದ ಎಬ್ಬಿಸಿ ಕರೆತಂದಳು.

"ಇದು ಅಯ್ಯಂಗಾರ್ ಹಕ್ಕಿ ಕಣೇ. ನಮ್ಮ ಮಾಧ್ವರದ್ದು, ಹಣೆಗೆ ಅಂಗಾರ ಅಕ್ಷತೆ ಇಟ್ಕೊಂಡಿರೋದು ಒಂದೂ ಇಲ್ವಾ?" ಎಂದು ಕೇಳಿ ಬದರಿನಾಥ ಮತ್ತೆ ಒಳಗೆ ಹೋದ.

ಭಾನುವಾರಗಳಲ್ಲಿ ಪಟ್ಟಣದಿಂದ ಹಕ್ಕಿ ನೋಡುವವರ ಗುಂಪೊಂದು ಬರುತ್ತಿತ್ತು. ಮುಂದಾಳು ರಘುರಾಮ, ಮೈಸೂರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಒಳ್ಳೆಯ ಮನುಷ್ಯ, ಓದಿಕೊಂಡವನು, ಆದರೆ ನಡೆದರೆ ಹಿಂಡಾನೆ ಬಂದಂತೆ. ಮೈತುಂಬ ಹಸಿರು ಬಟ್ಟೆ, ಮೊಣಕಾಲುದ್ದದ ಬೂಟು, ಕೊರಳಲ್ಲಿ ದುರ್ಬೀನು, ಬೆನ್ನಿಗೆ ಚೀಲ, ಆ ಚೀಲದಲ್ಲಿ ಪರಪರ ಎನ್ನುವ ಪ್ಲಾಸ್ಟಿಕ್ಕು. ಅವರು ಬಂದದ್ದೇ ತಡ, ಆಕೆಗೆ ದಿನವೂ ಕಾಣುತ್ತಿದ್ದ ಹಕ್ಕಿಗಳೆಲ್ಲ ಮಂಗಮಾಯ. ಒಂದು ಭಾನುವಾರ ತಡೆಯಲಾರದೆ ಗೋಡೆಯ ಮೇಲಿಂದ ಬೈದೇಬಿಟ್ಟಳು.

"ಏನಪ್ಪಾ, ಇಷ್ಟು ಸತ್ತಂ ಮಾಡ್ಕೊಂಡು ಬಂದ್ರೆ ಹಕ್ಕಿ ನಿಲ್ಲತ್ತಾ? ಅದಕ್ಕೇನು ಪೈತ್ಯವಾ?"

ಸದ್ದಿಗೆ ಸತ್ತಂ, ಹುಚ್ಚಿಗೆ ಪೈತ್ಯ ಎಂದು ತಮಿಳು ಬೆರೆತಿದ್ದರೂ, ಪರವೂರಿನಲ್ಲಿ ಕನ್ನಡದ ಬೈಗುಳ ಕೇಳಿ ರಘುರಾಮನಿಗೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು. "ಹಾಗಾದ್ರೆ ನೀವೇ ಬಂದು ತೋರಿಸಿಕೊಡಿ ಅಮ್ಮ" ಎಂದ.

ಬಿಡುತ್ತಾಳೆಯೇ? ಸೀರೆಯನ್ನು ಕಚ್ಚೆ ಕಟ್ಟಿ, ಚಪ್ಪಲಿ ಬಿಟ್ಟು, ಬಿದಿರ ಕೋಲು ಹಿಡಿದು ಜೌಗಿಗೆ ಇಳಿದಳು. ಇಳಿದ ಮೇಲೆ ಆದದ್ದು ಆಕೆಯೂ ಎಣಿಸದ ಸಂಗತಿ. ಜೊಂಡಿನ ನಡುವೆ ದಾರಿಯೆಂಬುದಿಲ್ಲ, ಎಲ್ಲೆಲ್ಲೂ ಒಣಗಿದ ಗರಿ, ಮುಟ್ಟಿದರೆ ಸರ್ರೆನ್ನುತ್ತದೆ. ಆದರೆ ಮೈ ತನ್ನಷ್ಟಕ್ಕೆ ಅಡ್ಡವಾಯಿತು. ಸೆರಗು ಸೊಂಟಕ್ಕೆ ಬಿಗಿಯಾಯಿತು. ಕಾಲು ಮೊದಲು ಬೆರಳೂರಿ, ನೀರನ್ನು ಕಲಕದೆ, ಆಮೇಲೆ ಹಿಮ್ಮಡಿ ಇಳಿಸಿತು. ಕೋಲಿನ ತುದಿ ಜೊಂಡನ್ನು ಬಟ್ಟೆಯಂತೆ ಮೆಲ್ಲಗೆ ಸರಿಸಿತು. ಹುಂಡುಕೋಳಿಯೊಂದು ಆಕೆಯ ಕಾಲ ಪಕ್ಕದಲ್ಲೇ ಮರಿಗಳನ್ನು ನಡೆಸಿಕೊಂಡು ಹೋಯಿತು. ದಡದಲ್ಲಿ ನಿಂತವರು ಕಣ್ಣುಕಣ್ಣು ಬಿಟ್ಟರು.

"ಎಲ್ಲಿ ಕಲಿತ್ರಿ ಅಮ್ಮ ಇದನ್ನ?" ಎಂದು ಕೇಳಿದ ರಘುರಾಮ.

"ನಮ್ಮತ್ತೆ ಸ್ಕೂಲಲ್ಲಿ" ಎಂದಳು. ನಗುತ್ತಲೇ ಹೇಳಿದರೂ ಒಳಗೆ ಏನೋ ಚುಳ್ಳೆಂದಿತು.

ಅಲ್ಲಿಂದ ಆಕೆ ಗುಂಪಿನ ಖಾಯಂ ಸದಸ್ಯೆ. ರಘುರಾಮ ಹೆಸರುಗಳನ್ನು ಹೇಳಿಕೊಟ್ಟ, ಹಳೆಯದೊಂದು ದುರ್ಬೀನು ಕೊಟ್ಟ. ಈಕೆ ನಡೆಯುವುದನ್ನು ಹೇಳಿಕೊಟ್ಟಳು. ವರ್ಷಗಳು ಹೀಗೆ ಕಳೆದವು. ಬೂಟುಗಳು ಒಂದೊಂದಾಗಿ ಮಾಯವಾದವು.

ಇನ್ನು ಆ ವರ್ಷದ ಕತೆ. ಎರಡು ಸಾವಿರದ ಐದರ ಕೊನೆಗೆ ಮದರಾಸು ಮುಳುಗುವಷ್ಟು ಮಳೆ ಹುಯ್ದಿತ್ತಲ್ಲ, ಅದರ ನೀರು ಮರುವರ್ಷ ಆಷಾಢ ಬಂದರೂ ಅಲ್ಲಿಕುಳದಲ್ಲಿ ನಿಂತಿತ್ತು. ಜೊಂಡು ಹುಲುಸಾಗಿ ಎದ್ದಿತ್ತು. ಅದರ ಒಳಗಿಂದ ಬೆಳಬೆಳಗ್ಗೆ 'ಕೊಕ್ ಕೊಕ್ ಕೊಕ್' ಎಂಬ ಸದ್ದು. ಕಪ್ಪೆಯಿರಬೇಕು ಎಂದರು ಕೆಲವರು. ವೆಂಕಟಲಕ್ಷ್ಮಿಗೆ ಒಪ್ಪಿಗೆಯಾಗಲಿಲ್ಲ. ವಾರವಿಡೀ ಆ ಸದ್ದಿನ ಹಿಂದೆ ಬಿದ್ದು ಕೊನೆಗೆ ಕಂಡುಹಿಡಿದಳು. ದಾಲ್ಚಿನ್ನಿ ಚಕ್ಕೆಯ ಬಣ್ಣದ, ಕೊಕ್ಕರೆಯ ಬಳಗದ ಹಕ್ಕಿ. ಹೆದರಿದರೆ ಹಾರುವುದಿಲ್ಲ, ಕೊಕ್ಕನ್ನು ಆಕಾಶಕ್ಕೆತ್ತಿ ಜೊಂಡಿನ ನಡುವೆ ತಾನೂ ಒಂದು ಜೊಂಡಾಗಿ ನಿಂತುಬಿಡುತ್ತದೆ. ರಘುರಾಮ ಕುಣಿದಾಡಿದ. ಬಿಟರ್ನ್ ಅಂತ ಕಣಮ್ಮ, ಹೀಗೆ ಊರ ನಡುವೆ ಗೂಡು ಕಟ್ಟೋದು ಅಪರೂಪ ಎಂದ. ನೀರಿಗೆ ಒಂದು ಗೇಣು ಮೇಲೆ, ಮುರಿದ ಜೊಂಡಿನ ಹಾಸಿನ ಮೇಲೆ ಮೊಟ್ಟೆಗಳಿದ್ದವು. ಕೆಲವೇ ದಿನಗಳಲ್ಲಿ ಮರಿಗಳೂ ಆದವು.

ಅದೇ ಹೊತ್ತಿಗೆ ಚಿಕೂನ್‌ಗುನ್ಯಾ ಬಂತು. ಬೀದಿಬೀದಿಯಲ್ಲಿ ಜನ ಮಂಡಿ ಹಿಡಿದು ಗೋಳಿಟ್ಟರು. ಬಡಾವಣೆಯ ಸಂಘದ ಅಧ್ಯಕ್ಷರು ದೈವಶಿಖಾಮಣಿ. ರಾಯಪುರಂನವರು, ಹಡಗುಕಟ್ಟೆಯಲ್ಲಿ ಸರಕು ಇಳಿಸುವವರ ಮೇಸ್ತ್ರಿಯಾಗಿ ಕ್ರೇನುಗಳ ಗದ್ದಲದ ಮೇಲೆ ಕೂಗಿ ಕೂಗಿ ಗಂಟಲು ನಗಾರಿಯಾಗಿತ್ತು. ಅವರು ಬೀದಿಯಲ್ಲಿ ಗುಟ್ಟು ಹೇಳಿದರೆ ರೈಲು ನಿಲ್ದಾಣಕ್ಕೆ ಕೇಳಿಸುತ್ತದೆ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ಜ್ವರ ಅವರನ್ನೂ ಬಿಟ್ಟಿರಲಿಲ್ಲ. ಮಂಡಿ ಊದಿ, ಮೆಟ್ಟಿಲು ಹತ್ತಲು ಹೆಂಡತಿಯ ಭುಜ ಬೇಕಾಗಿತ್ತು. ಸಂಘದ ಸಭೆಯಲ್ಲಿ ಅವರು ಎದ್ದು ನಿಂತು, ಸೊಳ್ಳೆಗೆಲ್ಲ ಆ ಜೌಗೇ ತವರು, ಸೋಮವಾರ ಯಂತ್ರ ಬರುತ್ತದೆ, ಜೊಂಡು ಕಿತ್ತು ಮಣ್ಣು ತುಂಬಿಸಿ ಸುತ್ತ ನಡೆದಾಡಲು ಕಲ್ಲು ಹಾಸೋಣ ಎಂದರು. ಜನ ಚಪ್ಪಾಳೆ ತಟ್ಟಿದರು. ನೋವು ತಿಂದವರು, ತಟ್ಟದೆ ಇನ್ನೇನು ಮಾಡಿಯಾರು?

ವೆಂಕಟಲಕ್ಷ್ಮಿ ಎದ್ದಳು. ಈ ಜ್ವರದ ಸೊಳ್ಳೆ ಹುಟ್ಟುವುದು ನಮ್ಮ ನಮ್ಮ ಮನೆಯ ತೊಟ್ಟಿಯಲ್ಲಿ, ಹೂಕುಂಡದ ತಟ್ಟೆಯಲ್ಲಿ ಅಂತ ಆರೋಗ್ಯ ಇಲಾಖೆಯವರೇ ಹೇಳಿ ಹೋದರಲ್ಲ, ಜೊಂಡಿನಲ್ಲಿ ಮರಿಗಳಿವೆ, ರೆಕ್ಕೆ ಬಲಿಯುವ ತನಕವಾದರೂ ಬಿಡಿ ಎಂದು ತನ್ನ ಮೈಲಾಪೂರಿನ ತಮಿಳಿನಲ್ಲಿ ಕೇಳಿದಳು. ರಘುರಾಮ ತಾನು ತೆಗೆದ ಫೋಟೋ ತೋರಿಸಿದ. ಅಧ್ಯಕ್ಷರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು.

"ಇದು ಹುಲ್ಲು" ಎಂದರು. ಸಭೆ ಗೊಳ್ಳೆಂದಿತು. ಆಮೇಲೆ ಆಕೆಯ ಮುಖ ನೋಡಿ ಸ್ವಲ್ಪ ಮೆತ್ತಗಾಗಿ, "ಮಾಮಿ, ಏನೂ ತಿಳ್ಕೋಬೇಡಿ. ಕಣ್ಣಿಗೆ ಕಾಣದ ಹಕ್ಕಿಗೋಸ್ಕರ ಕಣ್ಣಿಗೆ ಕಾಣೋ ಜನ ನೋವು ತಿನ್ನಬೇಕಾ?" ಎಂದು ಕೇಳಿದರು.

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಆಕೆಗೆ ಇನ್ನೂ ಸಿಟ್ಟು ಬಂತು. "ನಾನು ತೋರಿಸ್ತೀನಿ. ನೀವೇ ಬನ್ನಿ, ನಿಮ್ಮ ಕಣ್ಣಲ್ಲೇ ನೋಡಿ. ಕಾಣದಿದ್ರೆ ಸೋಮವಾರ ಯಂತ್ರಕ್ಕೆ ನಾನೇ ಆರತಿ ಎತ್ತಿ ಕಳಿಸ್ತೀನಿ" ಎಂದುಬಿಟ್ಟಳು.

ಬಾಯಿ ಜಾರಿತ್ತು. ಮನೆಗೆ ಬಂದ ಮೇಲೆ ಆಡಿದ ಮಾತಿನ ಭಾರ ತಿಳಿಯಿತು. ರಘುರಾಮನಂಥವನನ್ನೇ ಪಳಗಿಸಲು ತಿಂಗಳುಗಳು ಹಿಡಿದಿದ್ದವು. ಮಂಡಿ ಊದಿದ, ಗಂಟಲು ನಗಾರಿಯಾದ ಈ ಮಹಾರಾಯರನ್ನು ಆ ಜೊಂಡಿನೊಳಗೆ ಕರೆದೊಯ್ಯುವುದು ಹೇಗೆ? ಒಂದು ಸದ್ದಾದರೆ ತಾಯಿಹಕ್ಕಿ ಅಡಗುತ್ತದೆ, ಮರಿಗಳು ಅಡಗುತ್ತವೆ, ಇವರ ಕಣ್ಣಿಗೆ ಮತ್ತೆ ಹುಲ್ಲೇ. ಮರಿಗಳ ಸಾವಿಗೆ ತಾನೇ ಮಾತು ಕೊಟ್ಟು ಬಂದಂತಾಯಿತಲ್ಲ ಎಂದು ಆಕೆ ಕಣ್ಣೀರು ಹಾಕಿದಳು.

"ಅಳ್ತೀಯಾ ಯಾಕೆ? ಅವರಿಗೂ ಮಡಿ ಉಡಿಸು" ಎಂದ ಬದರಿನಾಥ, ಸಂಧ್ಯಾವಂದನೆಯ ಪಾತ್ರೆ ತೊಳೆಯುತ್ತಾ. ತಮಾಷೆಗೆ ಅಂದನೋ ನಿಜಕ್ಕೋ, ಆತನಿಗೇ ಗೊತ್ತು.

ಭಾನುವಾರ ಬೆಳಗ್ಗೆ ಬದುವಿನ ಮೇಲೆ ಅರ್ಧ ಬಡಾವಣೆ ನೆರೆದಿತ್ತು. ಅಧ್ಯಕ್ಷರು ಗರಿಗರಿ ಇಸ್ತ್ರಿಯ ಪಂಚೆ, ಅವರ ಮಾತಿನಲ್ಲಿ ವೇಷ್ಟಿ, ಉಟ್ಟು ಬಂದರು. ವೆಂಕಟಲಕ್ಷ್ಮಿ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ವೇಷ್ಟಿ ಒದ್ದೆ ಮಾಡ್ಕೊಂಡು ಬಿಗಿಯಾಗಿ ಎತ್ತಿ ಕಟ್ಟಿ. ಗಂಜಿ ಹಾಕಿದ ಬಟ್ಟೆ ಸದ್ದು ಮಾಡತ್ತೆ. ಚಪ್ಪಲಿ ಬಿಡಿ. ಗಡಿಯಾರ, ಫೋನು, ಜೇಬಲ್ಲಿರೋ ಬೀಗದಕೈ ಎಲ್ಲ ಮನೆಯವರ ಕೈಲಿ ಕೊಡಿ. ಇಲ್ಲಿಂದ ಮುಂದೆ ಒಂದು ಮಾತಿಲ್ಲ. ಯಾವುದನ್ನೂ ತಾಕಬಾರದು, ಒಂದು ಗರಿನೂ ತಾಕಬಾರದು."

"ಇದೇನು ಮಾಮಿ, ದೇವಸ್ಥಾನದ ಗರ್ಭಗುಡಿಯಾ?"

"ನಮ್ಮನೇಲಿ ಇದಕ್ಕೆ ಮಡಿ ಅಂತಾರೆ. ದೇವರಿಗೆ ಮಾಡಿ ಮಾಡಿ ನನಗೆ ಸಾಕಾಗಿದೆ. ಇದು ಹಕ್ಕಿ ಮಡಿ. ಇದಕ್ಕೆ ಜಾತಿ ಗೀತಿ ಇಲ್ಲ, ಯಾರು ಬೇಕಾದ್ರೂ ಇರಬಹುದು."

ಅಧ್ಯಕ್ಷರು ನಕ್ಕರು. ಹೇಳಿದ ಹಾಗೆಯೇ ಮಾಡಿದರು.

ಜೊಂಡಿನೊಳಗೆ ಆಕೆ ಮುಂದೆ, ಅವರು ಹಿಂದೆ. ನೀರು ಮೊಣಕಾಲಿಗೆ. ಆಕೆ ಕಾಲಿಟ್ಟಲ್ಲೇ ಅವರು ಕಾಲಿಡಬೇಕು. ಮೊದಲ ಹೆಜ್ಜೆಗಳಲ್ಲಿ ಬುಳಬುಳ ಸದ್ದಾಯಿತು. ಆಕೆ ನಿಂತು, ತಿರುಗದೆ, ಹಿಮ್ಮಡಿ ಇಳಿಸುವ ಬಗೆಯನ್ನು ಕಾಲಲ್ಲೇ ತೋರಿಸಿದಳು. ಮೇಸ್ತ್ರಿಯಾಗಿ ಅಲುಗಾಡುವ ಹಲಗೆಗಳ ಮೇಲೆ ಆಯುಸ್ಸು ಸವೆಸಿದ ಮನುಷ್ಯ, ಬೇಗ ಹಿಡಿದುಕೊಂಡರು. ನೀರೊಳ್ಳೆ ಹಾವೊಂದು ಮುಂದೆ ಈಜಿ ಹೋದಾಗಲೂ ಉಸಿರೆತ್ತಲಿಲ್ಲ. ಪರವಾಗಿಲ್ಲವೇ ಇವರು ಎಂದು ಆಕೆ ಒಳಗೊಳಗೇ ಹಿಗ್ಗಿದಳು.

ಗೂಡಿಗೆ ಇನ್ನು ಸ್ವಲ್ಪ ದೂರವಿದೆ ಎನ್ನುವಾಗ ಹಿಂದಿನಿಂದ ಸಣ್ಣ ನರಳಿಕೆ ಕೇಳಿತು. ಅಧ್ಯಕ್ಷರ ಮಂಡಿ ಹಿಡಿದುಕೊಂಡಿತ್ತು. ಮುಖ ಬೆವರಿತ್ತು. ಮುಂದೆಯೂ ಇಡಲಾರರು, ಹಿಂದೆಯೂ ಇಡಲಾರರು. ಬಿದ್ದರೆ ಮುಗಿಯಿತು ಕತೆ. ಆಕೆ ಥಟ್ಟನೆ ಕೈ ಚಾಚಿ ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಅವರ ಭಾರವೆಲ್ಲ ಆಕೆಯ ತೋಳಿಗೆ ಬಂತು. ಇನ್ನೊಂದು ಕೈಯಿಂದ ಕೋಲನ್ನು ಕೆಸರಿಗೆ ಊರಿ ನಿಂತಳು.

ಹಾಗೇ ನಿಂತರು. ತೋಳು ಮರಗಟ್ಟಿತು. ಎಲ್ಲ ಹಾಳಾಯಿತು ಎಂದೇ ಆಕೆ ಅಂದುಕೊಂಡಳು. ಇಲ್ಲಿಂದ ಗೂಡು ಕಾಣದು, ಇವರನ್ನು ಹೇಗಾದರೂ ವಾಪಸು ಎಳೆದೊಯ್ದರೆ ಸಾಕು.

ಅಧ್ಯಕ್ಷರ ದೃಷ್ಟಿ ಮಾತ್ರ ನೋವು ತಡೆಯಲೆಂದು ಎದುರಿನ ಒಂದು ಒಣಜೊಂಡಿನ ಮೇಲೆ ನೆಟ್ಟಿತ್ತು. ಕೈಗೆಟುಕುವಷ್ಟು ಹತ್ತಿರ. ನೋಡುತ್ತಲೇ ಇದ್ದರು. ಆ ಜೊಂಡು ಕಣ್ಣು ಮಿಟುಕಿಸಿತು.

ಅವರ ಬಾಯಿ ತೆರೆಯಿತು. ವೆಂಕಟಲಕ್ಷ್ಮಿ ಮಣಿಕಟ್ಟನ್ನು ಅದುಮಿದಳು. ತೆರೆದ ಬಾಯಿ ತೆರೆದ ಹಾಗೇ ಉಳಿಯಿತು, ಸದ್ದು ಹೊರಡಲಿಲ್ಲ. ಒಣಜೊಂಡು ಮೆಲ್ಲನೆ ಕೊಕ್ಕು ಇಳಿಸಿತು, ಕುತ್ತಿಗೆ ಬಾಗಿಸಿತು, ದಾಲ್ಚಿನ್ನಿ ಬಣ್ಣದ ಹಕ್ಕಿಯಾಯಿತು. ಇವರಿಬ್ಬರನ್ನೂ ಗಿಡಗಂಟೆಯ ಲೆಕ್ಕಕ್ಕೆ ಸೇರಿಸಿ, ಬೆರಳುಗಳಿಂದ ಜೊಂಡಿನ ದಂಟನ್ನು ಹಿಡಿಯುತ್ತಾ ಪಕ್ಕಕ್ಕೆ ಸರಿದು ಗೂಡಿನ ಕಡೆ ನಡೆಯಿತು. ಅದು ಸರಿದ ಎಡೆಯಲ್ಲಿ ಗೂಡು ಪೂರ್ತಿ ಕಂಡಿತು. ಕೆದರಿದ ಹಳದಿ ತುಪ್ಪಳದ ಮರಿಗಳು, ಅಮ್ಮನನ್ನು ಕಂಡದ್ದೇ ಕೊಕ್ಕು ಎತ್ತಿ ಒಂದರ ಮೇಲೊಂದು ಬಿದ್ದವು. ಒಂದು ಮರಿ ತಾಯಿಯ ಕೊಕ್ಕನ್ನೇ ಅಡ್ಡ ಕಚ್ಚಿ ಕೆಳಗೆ ಜಗ್ಗಿತು. ತಾಯಿ ತನ್ನ ಗಂಟಲಿನಿಂದ ಅದರ ಗಂಟಲಿಗೆ ತುತ್ತು ಇಳಿಸಿತು.

ವೆಂಕಟಲಕ್ಷ್ಮಿ ಇದನ್ನು ಮೊದಲೂ ನೋಡಿದ್ದಳು. ಆದರೂ ಅವತ್ತು ಕಣ್ಣು ಮಂಜಾಯಿತು. ಪಕ್ಕಕ್ಕೆ ನೋಡಿದರೆ ಹಡಗುಕಟ್ಟೆಯ ಮೇಸ್ತ್ರಿಯ ಕೆನ್ನೆಯ ಮೇಲೂ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವರು ಕೈ ಎತ್ತಲಿಲ್ಲ. ಮಡಿ ಮುರಿಯಬಾರದಲ್ಲ.

ದಡಕ್ಕೆ ಬಂದಾಗ ಜನ ಮುತ್ತಿಕೊಂಡರು. ಕಂಡಿತಾ, ಏನು ಕಂಡಿತು, ನಿಜವಾ ಎಂದು ಎಲ್ಲರದೂ ಒಂದೇ ಪ್ರಶ್ನೆ. ನಾವೂ ನೋಡಬೇಕು ಎಂದು ಕೆಲವರು ಆಗಲೇ ಚಪ್ಪಲಿ ಬಿಟ್ಟರು. ವೆಂಕಟಲಕ್ಷ್ಮಿ ಕೋಲು ಅಡ್ಡ ಹಿಡಿದಳು. "ಇನ್ನು ಯಾರಿಗೂ ಇಲ್ಲ. ತಾಯಿ ಒಂದು ಸಲ ತಡ್ಕೊಂಡಿದಾಳೆ, ಅದೇ ಹೆಚ್ಚು. ಮರಿ ದೊಡ್ಡದಾಗಿ ಹೊರಗೆ ಬರಲಿ, ಬದುವಿನ ಮೇಲಿಂದ ನೋಡೋರಂತೆ."

ಎಲ್ಲರೂ ಅಧ್ಯಕ್ಷರ ಬಾಯಿ ನೋಡಿದರು. ಅವರು ಹೆಂಡತಿಯ ಕೈಯಿಂದ ಫೋನು ಇಸಿದುಕೊಂಡು ಯಂತ್ರದ ಗುತ್ತಿಗೆದಾರನಿಗೆ ಹಚ್ಚಿದರು. ಪಿಸುಗುಟ್ಟಿದರು. ಆ ಕಡೆಯವನಿಗೆ ಕೇಳಿಸಲಿಲ್ಲ. ಯಾರು ಮಾತಾಡೋದು, ಗಟ್ಟಿಯಾಗಿ ಹೇಳಿ ಎಂದು ಅವನು ಕಿರುಚುವುದು ಸುತ್ತಲಿದ್ದವರಿಗೆಲ್ಲ ಕೇಳಿಸಿತು. ಅಧ್ಯಕ್ಷರು ಒಮ್ಮೆ ಜೊಂಡಿನ ಕಡೆ ನೋಡಿದರು, ಒಮ್ಮೆ ಫೋನು ನೋಡಿದರು. ಆಮೇಲೆ ಊದಿದ ಮಂಡಿ ಎಳೆದುಕೊಂಡು, ಬರಿಗಾಲಲ್ಲಿ, ಕೆಸರಿನ ವೇಷ್ಟಿಯಲ್ಲಿ, ಬದು ಇಳಿದು, ಬೀದಿ ಹಿಡಿದು, ಕೊಟ್ಟಕೊನೆಯ ಮನೆಯನ್ನೂ ದಾಟಿ ಮುಖ್ಯ ರಸ್ತೆಯ ತಿರುವಿನವರೆಗೆ ನಡೆದರು. ಅಲ್ಲಿ ನಿಂತು ತಮ್ಮ ನಿಜವಾದ ಗಂಟಲು ತೆಗೆದರು.

"ವೇಣ್ಡಾಂ! ಮಿಷಿನ್ ವೇಣ್ಡಾಂ!"

ಬೇಡ ಎಂಬ ಆ ಕೂಗು ಬದುವಿನ ತನಕ ತೇಲಿ ಬಂತು. ಜನ ಬಿದ್ದುಬಿದ್ದು ನಕ್ಕರು. ರಘುರಾಮ ಮಕ್ಕಳಂತೆ ಕುಪ್ಪಳಿಸಿದ. ಹೆಂಗಸರು ಬಂದು ವೆಂಕಟಲಕ್ಷ್ಮಿಯ ಕೈ ಹಿಡಿದುಕೊಂಡರು, ಯಾರೋ ಬೆನ್ನು ತಟ್ಟಿದರು, ಯಾರದೋ ಕೂಸು ಆಕೆಯ ಕೆಸರು ಮೆತ್ತಿದ ಕಾಲನ್ನು ತಬ್ಬಿಕೊಂಡಿತು. ಆಕೆ ಯಾರಿಂದಲೂ ಸರಿಯಲಿಲ್ಲ. ಗೆದ್ದೆ ಎಂದು ಆಕೆಗೆ ಕೂಗಬೇಕೆನಿಸಿತು, ಆದರೆ ಜೊಂಡು ಹತ್ತಿರವಿತ್ತು.

ಬದರಿನಾಥ ಪೂಜೆಯ ಪಂಚೆಯಲ್ಲೇ ಗೋಡೆಯ ಪಕ್ಕ ಬಂದು ನಿಂತಿದ್ದ. ಆಕೆ ಅವನ ಹತ್ತಿರ ಹೋದಳು. ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ.

"ಏನ್ರೀ," ಎಂದಳು. "ನಿಮ್ಮಮ್ಮ ಇರಬೇಕಿತ್ತು ಇವತ್ತು. ಕರ್ಕೊಂಡು ಹೋಗಿರ್ತಿದ್ದೆ. ಆಯಮ್ಮನ ಮಡಿ ಹೆಜ್ಜೆಗೆ ಆ ಹಕ್ಕಿ ಅಡಗ್ತಾನೇ ಇರಲಿಲ್ಲ."